ಟ್ಯಾಂಕಿಗೂ ತರಗತಿಗೂ ಒಂದೇ ಸೆನ್ಸರ್

ಮಳೆಗಾಲ ಶುರುವಾಯಿತೆಂದರೆ ಮಂಡ್ಯ, ಮೈಸೂರಿನವರು ಬೆಳಿಗ್ಗೆ ಪತ್ರಿಕೆ ಬಿಡಿಸಿ ಮೊದಲು ಹುಡುಕುವುದು ಕೆಆರ್‌ಎಸ್ ನೀರಿನ ಮಟ್ಟವನ್ನು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಮನೆಯ ತಾರಸಿ ಮೇಲಿನ ಟ್ಯಾಂಕಿಗೆ ಮಾತ್ರ ಅಂಥ ಅಳತೆ ಇಲ್ಲ. ಮೋಟರ್ ಹಾಕುತ್ತೇವೆ, ಬೇರೆ ಕೆಲಸದಲ್ಲಿ ಮರೆಯುತ್ತೇವೆ, ನೀರು ತುಂಬಿ ಹರಿಯುವ ಸದ್ದು ಕೇಳಿದ ಮೇಲೆ ಸ್ವಿಚ್ ಕಡೆಗೆ ಓಡುತ್ತೇವೆ.

ಟ್ಯಾಂಕಿನ ಮಟ್ಟ ಅಳೆಯಲು ನೂರು ರೂಪಾಯಿ ಆಸುಪಾಸಿನ ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಅಂದರೆ ನಮಗೆ ಕೇಳಿಸದ ಶಬ್ದದಿಂದ ದೂರ ಅಳೆಯುವ ಸಾಧನ, ಸಾಕು. ಅದೇ ಸೆನ್ಸರ್ ಅನ್ನು ಶಾಲೆಗೆ ಒಯ್ದರೆ ಗಾಳಿಯಲ್ಲಿ ಶಬ್ದದ ವೇಗವನ್ನೂ ಅಳೆಯಬಹುದು. ಹತ್ತಾರು ಸೆನ್ಸರ್‌ಗಳಿರುವ ದೊಡ್ಡ ಕಿಟ್ ಕೊಂಡು ಎಲ್ಲವನ್ನೂ ಒಂದೊಂದು ದಿನ ಮಿನುಗಿಸಿ ಕಪಾಟಿಗೆ ಸೇರಿಸುವುದಕ್ಕಿಂತ, ಒಂದೇ ಸೆನ್ಸರ್‌ನ ಗುಣ ಮತ್ತು ದೋಷಗಳನ್ನು ಪೂರ್ತಿ ಅರಿಯುವುದು ಮಕ್ಕಳಿಗೆ ಹೆಚ್ಚು ಲಾಭ ಎಂಬುದು ನನ್ನ ದೃಢ ಅಭಿಪ್ರಾಯ. ಸೆನ್ಸರ್ ಕೊಡುವುದು ಒಂದು ಸಂಖ್ಯೆಯನ್ನು ಮಾತ್ರ. ಅದನ್ನು ಎಷ್ಟು ನಂಬಬೇಕು ಎಂದು ತೀರ್ಮಾನಿಸಬೇಕಾದವರು ನಾವು. ಅದಕ್ಕೆ ಬೇಕಾಗುವುದು ಒಂದು ಅಳತೆಪಟ್ಟಿ ಮತ್ತು ಒಂದು ನೋಟ್‌ಬುಕ್.

ಬೇಕಾದ ಸಾಮಾನು

ಆರ್ಡುಯಿನೊ ಉನೊ ಬೋರ್ಡ್ (ಕಂಪ್ಯೂಟರ್‌ನಲ್ಲಿ ಬರೆದ ಪ್ರೋಗ್ರಾಂನಂತೆ ನಡೆಯುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಮತ್ತು ಅದರ ಯುಎಸ್‌ಬಿ ಕೇಬಲ್, ಎಚ್‌ಸಿ-ಎಸ್‌ಆರ್04 ಎಂಬ ಹೆಸರಿನ ಅಲ್ಟ್ರಾಸಾನಿಕ್ ಸೆನ್ಸರ್, ಬೆಸುಗೆಯಿಲ್ಲದೆ ವೈರ್ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್, ಜಂಪರ್ ವೈರ್‌ಗಳು, 5 ವೋಲ್ಟ್‌ನಲ್ಲಿ ಕೂಗುವ ಸಣ್ಣ ಬಜರ್. ವಿದ್ಯುತ್ತಿಗೆ ಹಳೆಯ ಮೊಬೈಲ್ ಚಾರ್ಜರ್ ಸಾಕು. ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಇವುಗಳಲ್ಲಿ ಹೆಚ್ಚಿನವು ಅಲ್ಲಿಯೇ ಸಿಗುತ್ತವೆ. 6ರಿಂದ 12ನೇ ತರಗತಿಯ ಮಕ್ಕಳಿಗಾಗಿಯೇ ಇರುವ ಲ್ಯಾಬ್ ಅದು, ಕೇಳಿ ಪಡೆಯಲು ಹಿಂಜರಿಯಬೇಡಿ.

ಅದು ಅಳೆಯುವ ಬಗೆ

ಸೆನ್ಸರ್‌ನ ಮುಖದಲ್ಲಿ ಎರಡು ದುಂಡನೆಯ ಬಟ್ಟಲುಗಳಿವೆ. ಒಂದು ಶಬ್ದ ಹೊರಡಿಸುತ್ತದೆ, ಇನ್ನೊಂದು ಕೇಳಿಸಿಕೊಳ್ಳುತ್ತದೆ. ಬಾವಿಗೆ ಬಗ್ಗಿ ಕೂಗಿದರೆ ದನಿ ಮರಳಿ ಬರುವಂತೆ ಇಲ್ಲಿಯೂ ಶಬ್ದ ಎದುರಿನ ವಸ್ತುವಿಗೆ ಬಡಿದು ಹಿಂದಿರುಗುತ್ತದೆ. ಈ ಶಬ್ದ ಸೆಕೆಂಡಿಗೆ 40,000 ಕಂಪನಗಳದ್ದು. ಮನುಷ್ಯರ ಕಿವಿ 20,000ದ ಆಚೆಗೆ ಕೇಳಿಸಿಕೊಳ್ಳಲಾರದು, ಹಾಗಾಗಿ ನಮಗೆ ಏನೂ ಕೇಳಿಸುವುದಿಲ್ಲ. ಹೋಗಿ ಬರಲು ಹಿಡಿದ ಸಮಯವನ್ನು ಶಬ್ದದ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದೂರ ಸಿಗುತ್ತದೆ. ಎರಡರಿಂದ ಏಕೆಂದರೆ ಶಬ್ದ ಅದೇ ದಾರಿಯನ್ನು ಎರಡು ಬಾರಿ ಸಾಗಿದೆ. ಸೆನ್ಸರ್‌ನ ವ್ಯಾಪ್ತಿ 2 ಸೆಂ.ಮೀ.ನಿಂದ 4 ಮೀಟರ್‌ವರೆಗೆ.

ಮೇಜಿನ ಮೇಲೆ ಮೊದಲ ಪರೀಕ್ಷೆ

ಸೆನ್ಸರ್‌ಗೆ ನಾಲ್ಕು ಕಾಲುಗಳಿವೆ. ವಿಸಿಸಿ ಎಂದು ಬರೆದಿರುವುದನ್ನು ಬೋರ್ಡಿನ 5 ವೋಲ್ಟ್‌ಗೆ, ಗ್ರೌಂಡ್ ಅನ್ನು ಗ್ರೌಂಡ್‌ಗೆ, ಟ್ರಿಗ್ ಅನ್ನು 9ನೇ ಪಿನ್‌ಗೆ, ಎಕೋವನ್ನು 10ನೇ ಪಿನ್‌ಗೆ ಸೇರಿಸಿ. ವಿಸಿಸಿ ಮತ್ತು ಗ್ರೌಂಡ್ ಅದಲುಬದಲಾದರೆ ಸೆನ್ಸರ್ ಸುಟ್ಟುಹೋಗಬಹುದು. ಆದ್ದರಿಂದ ಕೇಬಲ್ ಚುಚ್ಚುವ ಮೊದಲು ಇನ್ನೊಬ್ಬರಿಂದ ಒಮ್ಮೆ ನೋಡಿಸಿ.

ಪ್ರೋಗ್ರಾಂ ಮಾಡಬೇಕಾದ ಕೆಲಸ ಚಿಕ್ಕದು. ಟ್ರಿಗ್ ಪಿನ್ ಅನ್ನು 10 ಮೈಕ್ರೊಸೆಕೆಂಡ್ ಕಾಲ ಆನ್ ಮಾಡಿ ಆರಿಸಬೇಕು. ಆಗ ಸೆನ್ಸರ್ ಎಂಟು ಕಂಪನಗಳ ಒಂದು ಸಣ್ಣ ಗುಚ್ಛವನ್ನು ಹೊರಡಿಸುತ್ತದೆ. ಆಮೇಲೆ ಎಕೋ ಪಿನ್ ಎಷ್ಟು ಮೈಕ್ರೊಸೆಕೆಂಡ್ ಆನ್ ಆಗಿತ್ತು ಎಂಬುದನ್ನು 'ಪಲ್ಸ್‌ಇನ್' ಎಂಬ ಸಿದ್ಧ ಆದೇಶದಿಂದ ಓದಬೇಕು. ಆ ಸಂಖ್ಯೆಯನ್ನು 58ರಿಂದ ಭಾಗಿಸಿದರೆ ದೂರ ಸೆಂಟಿಮೀಟರ್‌ನಲ್ಲಿ ಬರುತ್ತದೆ. ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಕನಿಷ್ಠ 60 ಮಿಲಿಸೆಕೆಂಡ್ ಬಿಡಿ. ಇಲ್ಲವಾದರೆ ಹಿಂದಿನ ಪ್ರತಿಧ್ವನಿಯನ್ನೇ ಹೊಸದೆಂದು ಸೆನ್ಸರ್ ತಿಳಿದುಬಿಡುತ್ತದೆ.

ಈಗ ಅಳತೆಪಟ್ಟಿ ಹಾಸಿ, ಗಟ್ಟಿ ರಟ್ಟಿನ ಪುಸ್ತಕವೊಂದನ್ನು 20, 50, 100 ಸೆಂ.ಮೀ. ದೂರದಲ್ಲಿ ನೆಟ್ಟಗೆ ನಿಲ್ಲಿಸಿ ಸೆನ್ಸರ್ ಹೇಳುವುದನ್ನು ಬರೆದುಕೊಳ್ಳಿ. ಬಳಿಕ ಪುಸ್ತಕವನ್ನು ಓರೆಯಾಗಿ ತಿರುಗಿಸಿ ನೋಡಿ: ಶಬ್ದ ಬೇರೆ ಕಡೆಗೆ ಚಿಮ್ಮಿ ಹೋಗಿ ಅಳತೆ ತಪ್ಪುತ್ತದೆ. ಪುಸ್ತಕದ ಬದಲು ಮಡಚಿದ ಕಂಬಳಿ ಇಟ್ಟು ನೋಡಿ, ಅದು ಶಬ್ದವನ್ನು ಹೀರಿಕೊಳ್ಳುತ್ತದೆ. ಸೆನ್ಸರ್ ಎಲ್ಲಿ ಸೋಲುತ್ತದೆ ಎಂಬುದನ್ನು ಮೇಜಿನ ಮೇಲೆಯೇ ಕಂಡುಕೊಂಡವರಿಗೆ ತಾರಸಿಯ ಮೇಲೆ ಗೊಂದಲವಾಗುವುದಿಲ್ಲ.

ಟ್ಯಾಂಕಿಗೆ ಏರಿಸುವಾಗ

ಮೇಜಿನ ಮೇಲೆ ಪಳಗಿದ ಎಚ್‌ಸಿ-ಎಸ್‌ಆರ್04 ಟ್ಯಾಂಕಿನೊಳಗೆ ಬಹಳ ದಿನ ಬಾಳುವುದಿಲ್ಲ. ಮುಚ್ಚಳದ ಕೆಳಗೆ ಹಬೆ ಕಟ್ಟುತ್ತದೆ, ಬಟ್ಟಲುಗಳಿಗೆ ತೇವ ಸೇರುತ್ತದೆ. ಕಾಯಂ ಆಗಿ ಇಡುವುದಾದರೆ ಜೆಎಸ್‌ಎನ್-ಎಸ್‌ಆರ್04ಟಿ ಎಂಬ ನೀರು ನಿರೋಧಕ ಮಾದರಿಯನ್ನು ಕೊಳ್ಳಿ. ಇದರ ಬಟ್ಟಲು ಒಂದೇ, ಶಬ್ದ ಹೊರಡಿಸುವುದೂ ಕೇಳಿಸಿಕೊಳ್ಳುವುದೂ ಅದೇ, ಸುಮಾರು ಎರಡೂವರೆ ಮೀಟರ್ ಕೇಬಲ್ ಜೊತೆಯಲ್ಲೇ ಬರುತ್ತದೆ, ಪ್ರೋಗ್ರಾಂ ಬಹುತೇಕ ಹಾಗೆಯೇ ಉಳಿಯುತ್ತದೆ. ಆದರೆ ಮುಖದಿಂದ 20–25 ಸೆಂ.ಮೀ. ಒಳಗಿರುವುದು ಇದಕ್ಕೆ ಕಾಣಿಸುವುದಿಲ್ಲ. ಆದ್ದರಿಂದ ನೀರು ಸೆನ್ಸರ್‌ಗೆ 30 ಸೆಂ.ಮೀ. ಹತ್ತಿರ ಬಂದಾಗಲೇ ಟ್ಯಾಂಕ್ ತುಂಬಿತೆಂದು ಲೆಕ್ಕ ಹಿಡಿಯಿರಿ.

ಸೆನ್ಸರ್ ನೇರವಾಗಿ ಕೆಳಮುಖವಾಗಿರಬೇಕು. ಗೋಡೆಯ ಪಕ್ಕದಲ್ಲಿಟ್ಟರೆ ಗೋಡೆಯ ಪ್ರತಿಧ್ವನಿ ಬರುತ್ತದೆ, ನೀರು ಬೀಳುವ ಪೈಪಿನ ಪಕ್ಕದಲ್ಲಿಟ್ಟರೆ ಅಲೆ ಮತ್ತು ನೊರೆಯಿಂದ ಅಳತೆ ಕುಣಿಯುತ್ತದೆ. ಆದಷ್ಟು ನಡುವಿನಲ್ಲಿ, ಪೈಪಿನಿಂದ ದೂರದಲ್ಲಿ ಕೂರಿಸಿ. ಬೋರ್ಡ್ ಅನ್ನು ಮಳೆ ನೀರು, ಇರುವೆ ನುಗ್ಗದಂಥ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಟ್ಯಾಂಕಿನ ನೆರಳಿನಲ್ಲೇ ಕಟ್ಟಿ. ಅಲ್ಲಿಂದ ಅಡುಗೆಮನೆಗೆ ಬಜರ್‌ನ ಎರಡೆಳೆ ವೈರ್ ಮಾತ್ರ ಇಳಿಯಲಿ. ಬಜರ್ 20 ಮಿಲಿಆಂಪಿಯರ್‌ಗಿಂತ ಕಡಿಮೆ ಎಳೆಯುವಂಥದ್ದಾಗಿದ್ದರೆ ಅದನ್ನು ಬೋರ್ಡಿನ ಪಿನ್‌ನಿಂದಲೇ ನಡೆಸಬಹುದು.

ಟ್ಯಾಂಕ್ ಖಾಲಿಯಿದ್ದಾಗ ತಳದವರೆಗಿನ ದೂರ 125 ಸೆಂ.ಮೀ., ತುಂಬಿದಾಗ 30 ಸೆಂ.ಮೀ. ಎಂದುಕೊಳ್ಳೋಣ. ನಡುವಿನ 95 ಸೆಂ.ಮೀ. ನಿಮ್ಮ ಅಳತೆಗೋಲು. ಈಗ ಸೆನ್ಸರ್ 49 ತೋರಿಸಿದರೆ, 125ರಲ್ಲಿ 49 ಕಳೆದು ಉಳಿದ 76ನ್ನು 95ರಿಂದ ಭಾಗಿಸಿ. ಟ್ಯಾಂಕಿನಲ್ಲಿ ನೂರಕ್ಕೆ 80 ಭಾಗ ನೀರಿದೆ. ಈ ಖಾಲಿ ಮತ್ತು ಭರ್ತಿ ಅಂಕಿಗಳನ್ನು ನಿಮ್ಮ ಟ್ಯಾಂಕಿನಲ್ಲೇ ಅಳೆದು ತೆಗೆದುಕೊಳ್ಳಬೇಕು. ಬೇರೆಯವರ ಪ್ರೋಗ್ರಾಂನಲ್ಲಿರುವ ಅಂಕಿ ಅವರ ಟ್ಯಾಂಕಿನದ್ದು.

ಒಂದೇ ಅಳತೆಯನ್ನು ನಂಬಿ ಬಜರ್ ಕೂಗಿಸಬೇಡಿ. ಏಳು ಸಲ ಅಳೆದು, ಏರಿಕೆ ಕ್ರಮದಲ್ಲಿ ಜೋಡಿಸಿ, ನಡುವಿನ ನಾಲ್ಕನೆಯದನ್ನು ಆರಿಸಿಕೊಳ್ಳಿ. ಸರಾಸರಿ ಬೇಡ, ಏಕೆಂದರೆ ದಾರಿ ತಪ್ಪಿದ ಒಂದೇ ಅಂಕಿ ಸರಾಸರಿಯನ್ನು ಕೆಡಿಸಿಬಿಡುತ್ತದೆ, ನಡುವಿನದನ್ನು ಅಲುಗಿಸಲಾರದು. ಇನ್ನೊಂದು ಮಾತು: 95 ಭಾಗ ತುಂಬಿದಾಗ ಬಜರ್ ಕೂಗಲಿ, ಆದರೆ ಮತ್ತೆ ಕೂಗಲು ಮಟ್ಟ ಒಮ್ಮೆ 90ಕ್ಕಿಂತ ಕೆಳಗೆ ಇಳಿದಿರಬೇಕು ಎಂಬ ನಿಯಮ ಹಾಕಿ. ಈ ಅಂತರ ಇಲ್ಲದಿದ್ದರೆ ನೀರಿನ ಸಣ್ಣ ಅಲೆಗೂ ಬಜರ್ ಕೂಗಿ ನಿಂತು ಕೂಗುತ್ತಲೇ ಇರುತ್ತದೆ.

ಮೋಟರ್ ತಾನಾಗಿ ನಿಲ್ಲಬೇಕೆಂದರೆ

ನೀರಿನ ಮಟ್ಟವನ್ನು ಗ್ರಹಿಸಿ ತಾನಾಗಿ ಕೆಲಸ ಮಾಡುವ ಯಂತ್ರ ನಮ್ಮ ಭಾಗಕ್ಕೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳು ಮೊದಲು 1903ರಲ್ಲಿ ಪುಣೆ ಬಳಿಯ ಖಡಕವಾಸ್ಲಾದಲ್ಲಿ ಅಳವಡಿಕೆಯಾದವು, ಬಳಿಕ ಕೃಷ್ಣರಾಜಸಾಗರಕ್ಕೂ ಬಂದವು. ಅದನ್ನು ನೆನೆದರೆ ಮನೆಯಲ್ಲೂ ಮೋಟರ್ ತಾನಾಗಿ ನಿಲ್ಲಲಿ ಎಂಬ ಆಸೆ ಸಹಜ. ಆದರೆ ಇಲ್ಲಿ ಗಟ್ಟಿಯಾಗಿ ಹೇಳಲೇಬೇಕಾದ ಎಚ್ಚರಿಕೆಯಿದೆ.

ಬೋರ್ಡಿನ ಆದೇಶದಂತೆ ಆನ್-ಆಫ್ ಆಗುವ ಸ್ವಿಚ್ಚೇ ರಿಲೇ. ಅಂಗಡಿಯಲ್ಲಿ ಸಿಗುವ ಸಣ್ಣ ರಿಲೇ ಮಾಡ್ಯೂಲ್‌ಗಳ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. ಒಂದು ಎಚ್‌ಪಿ ಮೋಟರ್ ಓಡುವಾಗ ಅದರೊಳಗೆ ಇರಬಹುದು, ಆದರೆ ಶುರುವಾಗುವ ಕ್ಷಣದಲ್ಲಿ ಅದು ಎಳೆಯುವ ಕರೆಂಟ್ ಹಲವು ಪಟ್ಟು ಹೆಚ್ಚು. ಆ ಹೊಡೆತಕ್ಕೆ ರಿಲೇಯ ಒಳಗಿನ ಲೋಹದ ತುದಿಗಳು ಬೆಸೆದುಕೊಂಡರೆ ಪ್ರೋಗ್ರಾಂ ಎಷ್ಟೇ ಆರಿಸಿದರೂ ಮೋಟರ್ ನಿಲ್ಲುವುದಿಲ್ಲ. ರಿಲೇ ಕಂಟ್ಯಾಕ್ಟರ್ ಅನ್ನು (ಮೋಟರ್‌ನಂಥ ದೊಡ್ಡ ಹೊರೆ ತಾಳುವ ವಿದ್ಯುತ್ ಸ್ವಿಚ್) ಮಾತ್ರ ನಡೆಸಬೇಕು, ಮೋಟರ್ ಅನ್ನು ಕಂಟ್ಯಾಕ್ಟರ್ ನಡೆಸಬೇಕು. 230 ವೋಲ್ಟ್‌ನ ಈ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಮಕ್ಕಳು ಮುಟ್ಟುವುದು ಬೇಡ. ಸಂಪಿನಲ್ಲಿ ನೀರಿಲ್ಲದಾಗ ಮೋಟರ್ ಒಣಗಿ ಓಡದಂತೆ ಅಲ್ಲಿಗೊಂದು ಫ್ಲೋಟ್ ಸ್ವಿಚ್ (ನೀರಿನ ಮೇಲೆ ತೇಲುತ್ತಾ ಮಟ್ಟಕ್ಕೆ ತಕ್ಕಂತೆ ಆನ್-ಆಫ್ ಆಗುವ ಸ್ವಿಚ್) ಕೂಡ ಬೇಕು. ಇಷ್ಟೆಲ್ಲ ಆಗುವವರೆಗೆ ಬಜರ್ ಒಂದೇ ಸಾಕು. ನೀರು ಪೋಲಾಗುವುದು ಅದರಿಂದಲೇ ನಿಲ್ಲುತ್ತದೆ.

ತರಗತಿಯಲ್ಲಿ ಶಬ್ದದ ವೇಗ

ಮೇಲೆ 58ರಿಂದ ಭಾಗಿಸಿ ಎಂದೆ. ಆ ಅಂಕಿ ಬಂದದ್ದು ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂಬ ಲೆಕ್ಕದಿಂದ, ಅದು 20 ಡಿಗ್ರಿ ಸೆಲ್ಸಿಯಸ್‌ನ ಗಾಳಿಗೆ ಸರಿ. ಒಂದು ಡಿಗ್ರಿ ಏರಿದರೆ ವೇಗ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಬೇಸಿಗೆಯ ಟ್ಯಾಂಕಿನಲ್ಲಿ ಇದರಿಂದ ಎರಡು ಮೂರು ಸೆಂಟಿಮೀಟರ್ ತಪ್ಪಾದರೂ ನಷ್ಟವಿಲ್ಲ. ತರಗತಿಯಲ್ಲಿ ಮಾತ್ರ ಈ ತಪ್ಪನ್ನೇ ಹಿಡಿದು ಅಳೆಯಬೇಕು, ಪ್ರಯೋಗದ ಸ್ವಾರಸ್ಯ ಇರುವುದು ಅಲ್ಲಿಯೇ.

ಇಲ್ಲಿ ದೂರವನ್ನು ಅಳತೆಪಟ್ಟಿಯಿಂದ ಅಳೆಯಿರಿ, ಸೆನ್ಸರ್‌ನಿಂದ ಸಮಯವನ್ನು ಮಾತ್ರ ಓದಿ. 20, 40, 60, 80, 100 ಸೆಂ.ಮೀ. ದೂರಗಳಿಗೆ ಬಂದ ಮೈಕ್ರೊಸೆಕೆಂಡ್‌ಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಸರಳರೇಖೆ ಎಳೆಯಿರಿ. ರೇಖೆ ಸೊನ್ನೆಯ ಮೂಲಕವೇ ಹಾಯುವುದಿಲ್ಲ, ಏಕೆಂದರೆ ಶಬ್ದ ಹುಟ್ಟುವ ಜಾಗ ನೀವು ಪಟ್ಟಿ ಇಟ್ಟ ಅಂಚಿನಲ್ಲೇ ಇಲ್ಲ. ಈ ದೋಷ ಎಲ್ಲ ಅಳತೆಗಳಲ್ಲೂ ಒಂದೇ ಪ್ರಮಾಣದಲ್ಲಿರುವುದರಿಂದ ರೇಖೆಯ ಓರೆಯನ್ನು ಅದು ಮುಟ್ಟುವುದಿಲ್ಲ. ಒಂದು ಮೀಟರಿಗೆ ಎಷ್ಟು ಸಮಯ ಹೆಚ್ಚಿತು ಎಂಬುದನ್ನು ರೇಖೆಯಿಂದ ಓದಿ, 2ನ್ನು ಆ ಸಮಯದಿಂದ ಭಾಗಿಸಿದರೆ ವೇಗ ಸಿಗುತ್ತದೆ.

ಜನವರಿಯಲ್ಲಿ ಮಾಡಿದರೆ ಇನ್ನೂ ಚೆನ್ನ. ಮೈಸೂರಿನ ಮುಂಜಾನೆ ಉಷ್ಣಾಂಶ 17 ಡಿಗ್ರಿ, ಮಧ್ಯಾಹ್ನ 29 ಇದ್ದ ದಿನ ಎಂದುಕೊಳ್ಳಿ. ಒಂದು ಮೀಟರ್ ದೂರದ ಪುಸ್ತಕಕ್ಕೆ ಹೋಗಿ ಬರಲು ಶಬ್ದಕ್ಕೆ ಬೆಳಿಗ್ಗೆ ಸುಮಾರು 5,855 ಮೈಕ್ರೊಸೆಕೆಂಡ್ ಬೇಕು, ಮಧ್ಯಾಹ್ನ ಸುಮಾರು 5,730 ಸಾಕು. ನೂರಕ್ಕೂ ಹೆಚ್ಚು ಮೈಕ್ರೊಸೆಕೆಂಡ್‌ಗಳ ಈ ವ್ಯತ್ಯಾಸವನ್ನು ಆರ್ಡುಯಿನೊ ಸಲೀಸಾಗಿ ಹಿಡಿಯುತ್ತದೆ. ಬಿಸಿ ಗಾಳಿಯಲ್ಲಿ ಶಬ್ದ ಬೇಗ ಸಾಗುತ್ತದೆ ಎಂಬ ಪುಸ್ತಕದ ವಾಕ್ಯವನ್ನು ಮಕ್ಕಳು ತಾವೇ ಅಳೆದು ನೋಡಿದಂತಾಗುತ್ತದೆ.

ಇನ್ನು ಕೆಲವು ಸೆನ್ಸರ್‌ಗಳು

ಬೆಳಕು ಹೆಚ್ಚಿದಂತೆ ವಿದ್ಯುತ್ ರೋಧ ಇಳಿಯುವ ಎಲ್‌ಡಿಆರ್ ಎಂಬ ಬೆಳಕಿನ ಸೆನ್ಸರ್‌ನಿಂದ ಸಂಜೆ ತಾನಾಗಿ ಹೊತ್ತುವ ಎಲ್‌ಇಡಿ ದೀಪ ಮಾಡಬಹುದು. ದೀಪದ ಬೆಳಕು ಎಲ್‌ಡಿಆರ್ ಮೇಲೆಯೇ ಬೀಳದಂತೆ ಮರೆ ಮಾಡಿ. ಮೆಟ್ಟಿಲ ದೀಪಕ್ಕೆ ಪಿಐಆರ್ ಸೆನ್ಸರ್ ಒಳ್ಳೆಯದು, ಮೈಬಿಸಿಯ ಚಲನೆಯನ್ನು ಸುಮಾರು 7 ಮೀಟರ್‌ವರೆಗೆ ಗುರುತಿಸುತ್ತದೆ. ವಿದ್ಯುತ್ ಕೊಟ್ಟ ಮೊದಲ ಒಂದು ನಿಮಿಷ ಅದು ಹೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಣ್ಣಿನ ತೇವ ಅಳೆಯಲು ಎರಡು ಮುಳ್ಳುಗಳ ಅಗ್ಗದ ಸೆನ್ಸರ್ ಕೊಂಡರೆ, ಸದಾ ವಿದ್ಯುತ್ ಹರಿಯುವುದರಿಂದ ಮುಳ್ಳುಗಳು ಕೆಲವೇ ವಾರಗಳಲ್ಲಿ ಕೊರೆದು ಹೋಗುತ್ತವೆ. ಲೋಹ ಮಣ್ಣಿಗೆ ನೇರ ತಾಗದ ಕೆಪ್ಯಾಸಿಟಿವ್ ಮಾದರಿಗೆ ಸ್ವಲ್ಪ ಹೆಚ್ಚು ಹಣ ಕೊಡುವುದೇ ಸರಿ. ಅದಕ್ಕೂ ನಿಮ್ಮ ಕುಂಡದ ಅಥವಾ ಹೊಲದ ಮಣ್ಣನ್ನೇ ಒಮ್ಮೆ ಪೂರ್ತಿ ಒಣಗಿಸಿ, ಒಮ್ಮೆ ಪೂರ್ತಿ ನೆನೆಸಿ, ಎರಡು ಅಂಕಿಗಳನ್ನು ಗೊತ್ತುಮಾಡಿಕೊಳ್ಳಬೇಕು. ಕೆಂಪು ಮಣ್ಣಿನ ಅಂಕಿ ಕಪ್ಪು ಮಣ್ಣಿಗೆ ಹೊಂದುವುದಿಲ್ಲ.

ಉಷ್ಣಾಂಶಕ್ಕೆ ಸ್ಟೀಲ್ ಕೊಳವೆಯೊಳಗೆ ಬರುವ ಡಿಎಸ್18ಬಿ20 ಎಂಬ ಸೆನ್ಸರ್ ನನಗೆ ಬಹಳ ಇಷ್ಟ. ಡೇಟಾ ವೈರ್‌ಗೂ 5 ವೋಲ್ಟ್‌ಗೂ ನಡುವೆ 4.7 ಕಿಲೊಓಮ್ ರೆಸಿಸ್ಟರ್ ಹಾಕುವುದನ್ನು ಮರೆಯಬಾರದು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಇಲ್ಲಿ ನೀರು 100ರ ಬದಲು ಸುಮಾರು 97.5 ಡಿಗ್ರಿಗೇ ಕುದಿಯುತ್ತದೆ. ದೊಡ್ಡವರ ಜೊತೆಯಲ್ಲಿ, ಕೊಳವೆಯ ತುದಿ ಪಾತ್ರೆಯ ತಳಕ್ಕೆ ತಾಗದಂತೆ ಹಿಡಿದು ಇದನ್ನು ನೋಡಬಹುದು. ಆದರೆ ಈ ಸೆನ್ಸರ್‌ನ ಅರ್ಧ ಡಿಗ್ರಿ ನಿಖರತೆಯ ಭರವಸೆ 85 ಡಿಗ್ರಿಯವರೆಗೆ ಮಾತ್ರ, ಅದರ ಮೇಲೆ 2 ಡಿಗ್ರಿವರೆಗೆ ತಪ್ಪಬಹುದು. ಹೀಗಾಗಿ ಮೈಸೂರಿನಲ್ಲಿ ಬಂದ ಒಂದೇ ಅಂಕಿಯಿಂದ ಏನನ್ನೂ ಸಾಬೀತು ಮಾಡಲಾಗದು. ಮಂಗಳೂರಿನಲ್ಲಿ ನೆಂಟರಿದ್ದರೆ ರಜೆಯಲ್ಲಿ ಅದೇ ಸೆನ್ಸರ್, ಅದೇ ಬೋರ್ಡ್ ಒಯ್ದು ಅಲ್ಲಿಯೂ ಕುದಿಯುವ ನೀರಿನಲ್ಲಿ ಅಳೆಯಿರಿ. ಸೆನ್ಸರ್‌ನ ತಪ್ಪು ಎರಡೂ ಊರಿನಲ್ಲಿ ಹೆಚ್ಚುಕಡಿಮೆ ಒಂದೇ ಇರುವುದರಿಂದ, ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿಯುವ ಸುಮಾರು ಎರಡೂವರೆ ಡಿಗ್ರಿಯನ್ನು ವಿಜ್ಞಾನ ಮೇಳದಲ್ಲಿ ಧೈರ್ಯವಾಗಿ ಮಂಡಿಸಬಹುದು.