ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ನಾಲ್ಕು ದಿನ: ಕಿವಿ ನೋಯದಂತೆ ಡೈವ್ ಮಾಡುವುದು ಹೇಗೆ?

ನಮ್ಮ ಭಾವ ಮೊದಲ ಸಲ ಸ್ಕೂಬಾ ಡೈವಿಂಗ್‌ಗೆ ಇಳಿದಾಗ ನೀರೊಳಗೆ ಇದ್ದದ್ದು ನಾಲ್ಕೇ ನಿಮಿಷ. ಒಂದೂವರೆ ಮೀಟರ್ ಹೋಗುವಷ್ಟರಲ್ಲಿ ಕಿವಿ ಹಿಡಿದುಕೊಂಡು ಮೇಲೆ ಬಂದರು. ದಂಡೆಯಲ್ಲಿ ಕೂತು, ‘ಇದೆಲ್ಲ ನಮ್ಮಂಥವರಿಗಲ್ಲ ಬಿಡು’ ಅಂದರು. ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ಅರ್ಧ ಗಂಟೆ ಹವಳದ ಸುತ್ತ ತಿರುಗಿ ಬಂದರು. ಆ ಎರಡು ದಿನದಲ್ಲಿ ಅವರು ಕಲಿತದ್ದು ಮೂಗು ಹಿಡಿದು ಮೆಲ್ಲಗೆ ಗಾಳಿ ಊದುವುದನ್ನು ಮಾತ್ರ. ನಾಲ್ಕು ದಿನ ಅಲ್ಲೇ ಉಳಿಯುವ ಪ್ಲಾನ್ ಇದ್ದಿದ್ದರಿಂದ ಎರಡನೇ ಸಲಕ್ಕೆ ಅವಕಾಶವೂ ಸಿಕ್ಕಿತು.

ಹಂತ 1: ದಿನ ಗೊತ್ತುಮಾಡಿ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ವಿಮಾನ, ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್. ಈ ದ್ವೀಪಕ್ಕೂ 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರಿಟ್ಟಿದ್ದಾರೆ, ಆದರೆ ಜನರ ಬಾಯಲ್ಲಿ ಇನ್ನೂ ಹ್ಯಾವ್‌ಲಾಕೇ. ಜನವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ. ಮೇ ಕೊನೆಯಿಂದ ಮಳೆ, ಅಲೆ ಎರಡೂ ಜಾಸ್ತಿ.

ಟಿಕೆಟ್ ಬುಕ್ ಮಾಡುವ ಮೊದಲು ಗೋಡೆಯ ಪಂಚಾಂಗದ ಕ್ಯಾಲೆಂಡರ್ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ-ಇಳಿತ ಜೋರು. ಅಗ್ಗದ ಕಾಟೇಜುಗಳು ಹೆಚ್ಚಾಗಿ ಇರುವುದು ದ್ವೀಪದ ಪೂರ್ವ ದಂಡೆಯಲ್ಲಿ, ಬೀಚ್ ನಂಬರ್ 3 ಮತ್ತು 5ರ ಕಡೆ. ಅಲ್ಲಿ ಇಳಿತದ ಹೊತ್ತಿಗೆ ನೀರು ಎಷ್ಟೋ ದೂರ ಹಿಂದೆ ಸರಿದು, ಬರೀ ಕಲ್ಲು, ಸತ್ತ ಹವಳ ಕಾಣುತ್ತದೆ. ‘ಫೋಟೊದಲ್ಲಿದ್ದ ಸಮುದ್ರ ಎಲ್ಲಿ?’ ಅಂತ ರಿಸೆಪ್ಶನ್‌ನಲ್ಲಿ ಜಗಳ ಆಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಷ್ಟಮಿ-ನವಮಿಯ ಹತ್ತಿರದ ದಿನಗಳಲ್ಲಿ ಈ ಏರಿಳಿತ ಕಡಿಮೆ.

ಅಷ್ಟು ದೂರ ಯಾಕೆ, ನಮ್ಮ ನೇತ್ರಾಣಿ ಇಲ್ವಾ? ಇದೆ, ಚೆನ್ನಾಗಿಯೂ ಇದೆ. ಆದರೆ ಮುರ್ಡೇಶ್ವರದಿಂದ ಬೋಟಿನಲ್ಲಿ ಗಂಟೆಗೂ ಮಿಕ್ಕಿ ಹೋಗಿ, ಬೋಟಿನಿಂದಲೇ ಆಳದ ನೀರಿಗೆ ಇಳಿಯಬೇಕು. ಹ್ಯಾವ್‌ಲಾಕ್‌ನ ನೆಮೊ ರೀಫ್‌ನಲ್ಲಿ ದಂಡೆಯಿಂದ ನಡೆದುಕೊಂಡೇ ನೀರಿಗೆ ಇಳಿಯಬಹುದು. ಮೊದಲ ಸಲದವರಿಗೆ ನನ್ನ ಓಟು ಇದಕ್ಕೇ.

ಹಂತ 2: ಕಾಟೇಜ್ ಹಿಡಿಯಿರಿ

ಬಿದಿರಿನ ಗೋಡೆ, ಫ್ಯಾನು, ಸೊಳ್ಳೆಪರದೆ, ಎದುರಿಗೆ ಮರಳು. ಇಷ್ಟು ಸಾಕು. ಎ.ಸಿ. ಕೋಣೆಗೆ ಜಾಸ್ತಿ ಕೊಟ್ಟು ಕಿಟಕಿ ಮುಚ್ಚಿಕೊಂಡು ಮಲಗುವುದಾದರೆ ಸಮುದ್ರದ ಪಕ್ಕ ಯಾಕೆ ಬರಬೇಕು? ಮುಂದಿನ ಸಾಲೇ ಬೇಕು ಅಂತ ಹಟ ಮಾಡಬೇಡಿ. ಎರಡನೇ ಸಾಲಿನಿಂದ ನೀರಿಗೆ ಮೂವತ್ತು ಹೆಜ್ಜೆ ಜಾಸ್ತಿ, ಬಾಡಿಗೆ ಕಡಿಮೆ. ಪರದೆಯಲ್ಲಿ ತೂತು ಇದೆಯಾ ಅಂತ ಹಗಲಲ್ಲೇ ನೋಡಿ. ಉಯ್ಯಾಲೆ ಕಟ್ಟಿದ ಮರದ ಮೇಲೆ ತೆಂಗಿನಕಾಯಿ ಗೊನೆ ಇದೆಯಾ ಅಂತಲೂ ನೋಡಿ. ಸಂಜೆ ಮರಳಿನಲ್ಲಿ ಕೂರುವಾಗ ಕಾಲುಚೀಲ ಹಾಕಿಕೊಳ್ಳಿ. ಅಲ್ಲಿನ ಮರಳುನೊಣ ಕಚ್ಚಿದರೆ ವಾರವಿಡೀ ತುರಿಕೆ.

ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಊರೂ ಬೇಗ ಮಲಗುತ್ತದೆ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದಮೇಲೆ ಇಂಟರ್‌ನೆಟ್ ಸುಧಾರಿಸಿದೆ, ಆದರೂ ನಗದು ಇಟ್ಟುಕೊಳ್ಳಿ. ಊಟಕ್ಕೆ ಬಜಾರಿನಲ್ಲಿ ಬಂಗಾಳಿಗಳ ಹೋಟೆಲುಗಳಿವೆ, ಮೀನು-ಅನ್ನ ಚೆನ್ನಾಗಿರುತ್ತದೆ.

ಹಂತ 3: ಫಾರ್ಮ್ ತುಂಬಿ

ಡೈವ್ ಮಾಡಿಸುವವರು ಕೊಡುವ ಆರೋಗ್ಯದ ಫಾರ್ಮ್ ಇದು. ಆಸ್ತಮಾ, ಹೃದಯದ ತೊಂದರೆ ಇದ್ದರೆ, ಕಿವಿ ಆಪರೇಶನ್ ಆಗಿದ್ದರೆ ಸುಳ್ಳು ಬರೆಯಬೇಡಿ. ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಬನ್ನಿ. ಈಜು ಬರದಿದ್ದರೂ ಮೊದಲ ಅನುಭವದ ಡೈವ್ ಮಾಡಬಹುದು, ಇನ್‌ಸ್ಟ್ರಕ್ಟರ್ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಆಳ 12 ಮೀಟರ್ ಮೀರುವಂತಿಲ್ಲ. ಜಾನೀಸ್ ಗಾರ್ಜ್, ಡಿಕ್ಸನ್ಸ್ ಪಿನಕಲ್ ಅಂತ ಡೈವ್ ಜಾಗಗಳ ಹೆಸರು ಕೇಳಿ ಆಸೆ ಪಡಬೇಡಿ, ಅವು ಕೋರ್ಸ್ ಮುಗಿಸಿದವರಿಗೆ.

ಹಂತ 4: ಕಿವಿ

ಎಲ್ಲರೂ ಎಡವುವುದು ಇಲ್ಲೇ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕಿವಿ ಗುಂಯ್ ಅನ್ನುತ್ತದೆ. ಎಂಜಲು ನುಂಗಿದರೆ ‘ಟಕ್’ ಅಂತ ಬಿಟ್ಟುಕೊಳ್ಳುತ್ತದೆ ಅಲ್ವಾ? ಇಲ್ಲೂ ಅದೇ ಕತೆ. ಆದರೆ ಇಡೀ ಘಾಟಿ ಇಳಿದಾಗ ಕಿವಿ ಮೇಲೆ ಎಷ್ಟು ಒತ್ತಡ ಏರುತ್ತದೋ, ಹೆಚ್ಚುಕಡಿಮೆ ಅಷ್ಟೇ ಒತ್ತಡ ನೀರಿನಲ್ಲಿ ಒಂದೇ ಮೀಟರ್ ಇಳಿದರೆ ಏರುತ್ತದೆ. 10 ಮೀಟರ್ ಹೋದರೆ ಒಟ್ಟು ಒತ್ತಡ ನೀರಿನ ಮೇಲೆ ಇರುವಾಗಿನದರ ಎರಡರಷ್ಟು.

ಕಿವಿಯ ತಮಟೆಯ ಹಿಂದೆ ಸ್ವಲ್ಪ ಗಾಳಿ ಇರುತ್ತದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ. ಸುಮ್ನೆ ಇದ್ದಾಗ ಅದು ಮುಚ್ಚಿರುತ್ತದೆ, ನುಂಗಿದಾಗ, ಆಕಳಿಸಿದಾಗ ತೆರೆಯುತ್ತದೆ. ಹೊರಗಿಂದ ನೀರು ತಮಟೆಯನ್ನು ಒಳಕ್ಕೆ ಒತ್ತುವಾಗ, ಈ ಕೊಳವೆಯಿಂದ ನೀವು ಗಾಳಿ ಕಳಿಸಿ ಸರಿದೂಗಿಸಬೇಕು.

ಮಾಸ್ಕಿನ ಮೂಗಿನ ಭಾಗ ಮೆತ್ತಗಿರುತ್ತದೆ. ಅದರ ಮೇಲಿಂದ ಎರಡು ಬೆರಳಲ್ಲಿ ಮೂಗು ಹಿಡಿಯಿರಿ. ಬಾಯಲ್ಲಿ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡಲು ಕಚ್ಚಿಕೊಳ್ಳುವ ಸಾಧನ) ಇದ್ದೇ ಇರುತ್ತದೆ, ತುಟಿ ಬಿಗಿಯಾಗಿರಲಿ. ಈಗ ಮೂಗಿನಿಂದ ಮೆಲ್ಲಗೆ ಊದಿ. ಕನ್ನಡಕದ ಗಾಜು ಒರೆಸಲು ‘ಹಾ’ ಅಂತ ಹಬೆ ಬಿಡುತ್ತೇವಲ್ಲ, ಅಷ್ಟೇ ಜೋರು ಸಾಕು. ಎರಡೂ ಕಿವಿಯಲ್ಲಿ ‘ಟಕ್’ ಕೇಳಬೇಕು. ಕೆಲವರಿಗೆ ಊದುವುದಕ್ಕಿಂತ ಮೂಗು ಹಿಡಿದು ಎಂಜಲು ನುಂಗಿದರೆ ಬೇಗ ಬಿಡುತ್ತದೆ. ಭಾವನಿಗೆ ಕೊನೆಗೆ ಒಗ್ಗಿದ್ದು ಈ ಎರಡನೆಯದು.

ಯಾವಾಗ ಮಾಡಬೇಕು ಅನ್ನುವುದರಲ್ಲಿದೆ ಮರ್ಮ. ನೋವು ಬಂದಮೇಲೆ ಅಲ್ಲ. ನೀರಿನ ಮೇಲೆ ಇರುವಾಗಲೇ ಒಂದು ಸಲ, ತಲೆ ಮುಳುಗಿದ ಕೂಡಲೇ ಇನ್ನೊಂದು ಸಲ, ಆಮೇಲೆ ಅರ್ಧರ್ಧ ಮೀಟರಿಗೆ ಒಂದೊಂದು ಸಲ. ಜನ ತಡೆದುಕೊಂಡು ತಡೆದುಕೊಂಡು ಮೂರು ಮೀಟರ್ ಹೋಗಿ, ಚುಚ್ಚಲು ಶುರುವಾದಮೇಲೆ ಕೆನ್ನೆ ಉಬ್ಬಿಸಿ ಊದುತ್ತಾರೆ. ಅಷ್ಟರಲ್ಲಿ ಕೊಳವೆಯ ಬಾಯಿ ಒತ್ತಡಕ್ಕೆ ಬಿಗಿದುಕೊಂಡಿರುತ್ತದೆ. ಎಷ್ಟು ಜೋರಾಗಿ ಊದಿದರೂ ತೆರೆಯುವುದಿಲ್ಲ, ಒಳಗಿವಿಗೆ ಪೆಟ್ಟಾಗಬಹುದು. ಹಾಗಾದಾಗ ಇನ್‌ಸ್ಟ್ರಕ್ಟರ್‌ಗೆ ಕಿವಿ ತೋರಿಸಿ, ಒಂದು ಮೀಟರ್ ಮೇಲೆ ಬಂದು ಮತ್ತೆ ಮಾಡಿ. ಒಂದೇ ಕಿವಿ ಹಟ ಮಾಡಿದರೆ ಆ ಕಿವಿ ಮೇಲಾಗುವಂತೆ ತಲೆ ವಾಲಿಸಿ. ಇಳಿಯುವಾಗ ಕಾಲು ಕೆಳಗಿರಲಿ, ತಲೆಕೆಳಗಾಗಿ ಹೋದರೆ ಕಷ್ಟ ಇಮ್ಮಡಿ.

ಹೊರಡುವ ವಾರ ಮೊದಲಿಂದ, ಹಲ್ಲುಜ್ಜುವಾಗ ದಿನಾ ನಾಲ್ಕೈದು ಸಲ ಮೆಲ್ಲಗೆ ಅಭ್ಯಾಸ ಮಾಡಿ. ನೆಗಡಿ ಇದ್ದರೆ ಇಳಿಯಲೇಬೇಡಿ. ಮೂಗಿಗೆ ಡ್ರಾಪ್ಸ್ ಬಿಟ್ಟುಕೊಂಡು ಹೋದರಾಯ್ತು ಅನ್ನುವವರಿದ್ದಾರೆ. ನೀರೊಳಗೆ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಇಯರ್ ಪ್ಲಗ್, ಹತ್ತಿ, ಅಜ್ಜಿ ಹೇಳಿದ ಕೊಬ್ಬರಿ ಎಣ್ಣೆ ಯಾವುದೂ ಬೇಡ.

ಮೇಲೆ ಬರುವಾಗ ಊದಬೇಡಿ, ಗಾಳಿ ತಾನಾಗಿ ಹೊರಬರುತ್ತದೆ. ಉಸಿರು ಮಾತ್ರ ಯಾವ ಕಾರಣಕ್ಕೂ ಕಟ್ಟಬೇಡಿ. ಮೇಲೆ ಬಂದಂತೆ ಶ್ವಾಸಕೋಶದಲ್ಲಿನ ಗಾಳಿ ಹಿಗ್ಗುತ್ತದೆ, ಅದಕ್ಕೆ ದಾರಿ ಬೇಕು.

ಹಂತ 5: ಮಾಸ್ಕು, ಮೀಸೆ, ಹೆಬ್ಬೆರಳು

ದಪ್ಪ ಮೀಸೆ ಇದ್ದರೆ ಮಾಸ್ಕಿನ ಅಂಚಿನಿಂದ ನೀರು ಜಿನುಗುತ್ತದೆ. ಭಾವ ಎರಡನೇ ಡೈವ್‌ಗೆ ಮೀಸೆ ಪೂರ್ತಿ ಬೋಳಿಸಿಬಿಟ್ಟರು. ಫೋಟೊ ಮನೆಯ ಗ್ರೂಪಿಗೆ ಹಾಕಿದ್ದೇ ತಡ, ಊರಿಂದ ಅಕ್ಕನಿಗೆ ಫೋನು: ‘ಏನಮ್ಮಾ, ನಿಮ್ಮ ಮಾವನವರು ಆರಾಮಿದ್ದಾರೆ ತಾನೆ?’ ಮಾವನವರು ಆರಾಮಾಗಿ ಪಕ್ಕದಲ್ಲೇ ಕೂತು ಎಳನೀರು ಕುಡಿಯುತ್ತಿದ್ದರು. ನಿಮಗೆ ಅಷ್ಟೆಲ್ಲ ಬೇಡ, ಮೂಗಿನ ಕೆಳಗೆ ಒಂದು ಗೆರೆ ಟ್ರಿಮ್ ಮಾಡಿದರೆ ಸಾಕು. ಆದರೂ ನೀರು ಬಂದರೆ ಮಾಸ್ಕಿನ ಮೇಲಂಚು ಒತ್ತಿ, ತಲೆ ಸ್ವಲ್ಪ ಎತ್ತಿ, ಮೂಗಿನಿಂದ ಉಸಿರು ಬಿಡಿ. ನೀರು ಕೆಳಗಿಂದ ಹೊರಹೋಗುತ್ತದೆ. ಎದೆಯುದ್ದ ನೀರಲ್ಲೇ ಐದು ಸಲ ಮಾಡಿ.

ಆನ್‌ಲೈನ್‌ನಲ್ಲಿ ಸಿಗುವ, ಇಡೀ ಮುಖ ಮುಚ್ಚುವ ಮಾಸ್ಕು ತರಬೇಡಿ. ಡೈವಿಂಗ್‌ಗೆ ಅದು ಆಗುವುದಿಲ್ಲ. ಕೊರಳಿಗೆ ತೂಗುಹಾಕುವ ಮೊಬೈಲ್ ಪೌಚೂ ಅಷ್ಟೇ. ನನ್ನದೊಂದು ಫೋನು ಅದರಲ್ಲೇ ತೀರಿಕೊಂಡಿತು.

ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಂತ ಅಲ್ಲ, ‘ಮೇಲೆ ಹೋಗೋಣ’ ಅಂತ. ಖುಷಿಯಾಗಿ ಹೆಬ್ಬೆರಳು ತೋರಿಸಿದವರನ್ನು ಇನ್‌ಸ್ಟ್ರಕ್ಟರ್ ಮೇಲಕ್ಕೆ ಕರೆದುಕೊಂಡು ಬರುತ್ತಾರೆ. ಎಲ್ಲ ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ.

ಹಂತ 6: ವಾಪಸ್

ಡೈವಿಂಗನ್ನು ಕೊನೆಯ ದಿನಕ್ಕೆ ಇಡಬೇಡಿ. ನೀರಿನ ಒತ್ತಡದಲ್ಲಿ ಉಸಿರಾಡುವಾಗ ಮೈಯಲ್ಲಿ ಹೆಚ್ಚಿಗೆ ನೈಟ್ರೋಜನ್ ಸೇರಿಕೊಳ್ಳುತ್ತದೆ. ಅದು ಹೊರಹೋಗುವ ಮೊದಲೇ ವಿಮಾನ ಹತ್ತಿದರೆ ಅಪಾಯ. ಹಲವು ಡೈವ್ ಮಾಡಿದವರು ಕಡೇಪಕ್ಷ 18 ಗಂಟೆ ಬಿಡಬೇಕು. ನಾನು ಒಂದು ಪೂರ್ತಿ ದಿನ ಬಿಡುತ್ತೇನೆ, ಆ ದಿನ ರಾಧಾನಗರ ಬೀಚಿಗೆ ಹೋಗಿ ಸೂರ್ಯಾಸ್ತ ನೋಡುತ್ತೇನೆ. ಹಡಗಿಗೆ ಈ ನಿಯಮ ಇಲ್ಲ.

ಚೀಲ ಕಟ್ಟುವಾಗ ಮಕ್ಕಳ ಜೇಬು ತಡವಿ ನೋಡಿ. ದಂಡೆಯಲ್ಲಿ ಹೆಕ್ಕಿದ ಹವಳದ ತುಂಡು, ಚಿಪ್ಪು ಒಯ್ಯುವಂತಿಲ್ಲ, ಏರ್‌ಪೋರ್ಟಿನಲ್ಲಿ ಬ್ಯಾಗ್ ತೆಗೆಸುತ್ತಾರೆ. ನಮ್ಮ ಅಕ್ಕನ ಮಗಳ ಜೇಬಿನಲ್ಲಿ ಸಿಕ್ಕಿದ ಚಿಪ್ಪನ್ನು ಅಂಗಳದ ಮರಳಿನ ಮೇಲೆ ಇಟ್ಟೆವು. ಒಂದು ನಿಮಿಷ ಸುಮ್ಮನಿದ್ದು, ಕಾಲು ಹೊರಹಾಕಿ ನೀರಿನ ಕಡೆ ನಡೆದುಕೊಂಡು ಹೋಯಿತು.