ಕೂಗು ಕೇಳಿ ಕೀವಿ ಎಣಿಸುವ ಕೆಲಸ: ನನ್ನ ಅನುಭವ

ನ್ಯೂಜಿಲೆಂಡಿನ ನಾರ್ತ್‌ಲ್ಯಾಂಡ್‌ನಲ್ಲಿ ಮೇ-ಜೂನ್ ಬಂತೆಂದರೆ ಕೀವಿ ಎಣಿಕೆ ಶುರು. ಹಾರಲು ಬಾರದ, ರಾತ್ರಿ ಮಾತ್ರ ಓಡಾಡುವ ಈ ಕಾಡುಹಕ್ಕಿ ಕಣ್ಣಿಗೆ ಬೀಳುವುದೇ ಅಪರೂಪ. ಹಾಗಾಗಿ ನಮ್ಮಂಥ ಸ್ವಯಂಸೇವಕರು ಕೂಗು ಕೇಳಿಯೇ ಲೆಕ್ಕ ಬರೆಯುತ್ತೇವೆ.

ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಬೇಕು. ಪ್ರತಿ ವರ್ಷ ಅದೇ ಜಾಗ, 2 ಗಂಟೆ ಕೂರಬೇಕು. ಅಲ್ಲಿ ಆಗ ಚಳಿಗಾಲ. ಆದರೂ ಟೋಪಿಯನ್ನು ಕಿವಿ ಮೇಲೆ ಎಳೆದುಕೊಳ್ಳುವಂತಿಲ್ಲ, ದೂರದ ಕೂಗು ತಪ್ಪುತ್ತದೆ. ಸರಸರ ಅನ್ನುವ ರೇನ್‌ಕೋಟೂ ಬೇಡ.

ಗಂಡಿನದು ಚೂಪಾದ ಸಿಳ್ಳೆ. ಹೆಣ್ಣಿನದು ಒರಟು, ಗಂಟಲು ಕಟ್ಟಿದ ದನಿ. ಎಷ್ಟೋ ಸಲ ಒಂದು ಕೂಗಿದರೆ ಜೋಡಿ ಉತ್ತರ ಕೊಡುತ್ತದೆ. ಹೊಸಬರನ್ನು ಜಾಸ್ತಿ ಗೊಂದಲಕ್ಕೆ ಬೀಳಿಸುವುದು ರೂರು ಗೂಬೆ. ಅದೂ ಕೀಚುತ್ತದೆ, ಆದರೆ ಬಿಟ್ಟು ಬಿಟ್ಟು. ಕೀವಿ ಒಂದೇ ಸಮನೆ 15-20 ಸಲ ಕೂಗಬಲ್ಲದು. ಹೊತ್ತು, ಗಂಡೋ ಹೆಣ್ಣೋ, ದಿಕ್ಸೂಚಿ ತೋರಿಸಿದ ದಿಕ್ಕು, ಅಂದಾಜು ದೂರ, ಇಷ್ಟನ್ನೂ ಬರೆಯಬೇಕು. ದಿಕ್ಕು ಬರೆಯದಿದ್ದರೆ ಒಂದೇ ಹಕ್ಕಿ ಎರಡಾಗಿಬಿಡುತ್ತದೆ, ಅಲ್ವಾ?

ಒಮ್ಮೆ ಜರೀಗಿಡಗಳ ಸಂದಿಯಿಂದ ಒಂದು ಹತ್ತಿರವೇ ಬಂತು. ಮೊದಲು ಕೇಳಿದ್ದು ಫುಸ್ ಫುಸ್ ಸದ್ದು. ಕೀವಿಗೆ ಮೂಗಿನ ಹೊಳ್ಳೆ ಇರುವುದು ಕೊಕ್ಕಿನ ತುದಿಯಲ್ಲಿ. ಮಣ್ಣೊಳಗೆ ಕೊಕ್ಕು ಇಳಿಸಿ ಹುಳು ಮೂಸುತ್ತದೆ, ಸಿಕ್ಕಿಕೊಂಡ ಮಣ್ಣನ್ನು ಸೀನಿದ ಹಾಗೆ ಊದಿ ತೆಗೆಯುತ್ತದೆ. ಕೆಂಪು ಟಾರ್ಚಿನ ಬೆಳಕಲ್ಲಿ ಕಂಡದ್ದು ಕೂದಲಿನಂಥ ಪುಕ್ಕ, ಕೊಕ್ಕಿನ ಬುಡದಲ್ಲಿ ಮೀಸೆ. ಅದು ಹೋದ ಮೇಲೆ ನೆಲದಲ್ಲಿ ಸಣ್ಣ ತೂತುಗಳ ಸಾಲು.

ತಾಯಿಯ ತೂಕದ ಐದನೇ ಒಂದು ಭಾಗದಷ್ಟಿರುತ್ತದೆ ಇದರ ಮೊಟ್ಟೆ! ನಮ್ಮ ಕಡೆಯ ಕಂದು ಕೀವಿಗಳಲ್ಲಿ ಎರಡೂವರೆ ತಿಂಗಳು ಕಾವು ಕೂರುವುದು ಗಂಡು. ಮರಿಗೆ ಯಾರೂ ಗುಟುಕು ಕೊಡುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಹಳದಿಯೇ ಮೊದಲ ದಿನಗಳ ಊಟ. ಆಮೇಲೆ ತಾನೇ ಹೊರಡುತ್ತದೆ, ಅಲ್ಲೇ ಅಪಾಯ. ಮೊಲಗಳನ್ನು ಹಿಡಿಯಲಿ ಅಂತ 1880ರ ದಶಕದಲ್ಲಿ ತಂದು ಬಿಟ್ಟ ಸ್ಟೋಟ್ ಎಂಬ ಪುಟ್ಟ ಬೇಟೆಗಾರ ಪ್ರಾಣಿ ಕಾಯುತ್ತಿರುತ್ತದೆ. ಕಾವಲಿಲ್ಲದ ಕಾಡಿನಲ್ಲಿ 100 ಮರಿಗಳಲ್ಲಿ ದೊಡ್ಡವಾಗುವುದು ಸುಮಾರು 5. ಮರಿ 1 ಕೆಜಿ ತೂಗುವವರೆಗೆ ಬಲೆ-ಬೋನುಗಳೇ ಅದಕ್ಕೆ ಕಾವಲು. ಆ ಬೋನುಗಳಿಂದ ಉಪಯೋಗ ಆಗಿದೆಯಾ ಅಂತ ತಿಳಿಯುವುದು ವರ್ಷ ವರ್ಷದ ಈ ಕೂಗಿನ ಲೆಕ್ಕದಿಂದ.

ಬೆಳೆದ ಕೀವಿಗಳಿಗೆ ಇಲ್ಲಿ ದೊಡ್ಡ ಕಂಟಕ ನಾಯಿ. ಹಾರುವ ಹಕ್ಕಿಗಳ ಎದೆಯಲ್ಲಿರುವ ಗಟ್ಟಿ ಮೂಳೆಯ ಏಣು ಕೀವಿಗೆ ಇಲ್ಲ. ನಾಯಿ ಸುಮ್ನೆ ಆಟಕ್ಕೆ ಬಾಯಿ ಹಾಕಿದರೂ ಎದೆ ನಜ್ಜುಗುಜ್ಜಾಗುತ್ತದೆ. 'ನಮ್ಮ ನಾಯಿ ಬಲು ಸಾಧು' ಅನ್ನುವವರಿಗೆ ನಾನು ಇದನ್ನೇ ಬಿಡಿಸಿ ಹೇಳಿ, ರಾತ್ರಿ ಕಟ್ಟಿಹಾಕಿ ಅಂತ ಕೇಳಿಕೊಳ್ಳುತ್ತೇನೆ.