ಎರಡು ‘ಗೊರಬಲು’ ಸಮವಾಗದಿದ್ದಾಗ

ಶಿವಮೊಗ್ಗದ ಅಡಿಕೆ ಬೆಳೆಗಾರರಿಗಾಗಿ ನಾನು ಕಾಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಆ್ಯಪ್‌ನಲ್ಲಿ ಸರಕು, ಬೆಟ್ಟೆ, ರಾಶಿ ಎಂಬ ಅಡಿಕೆ ವಿಧಗಳ ಧಾರಣೆ ಸರಿಯಾಗಿ ಸಿಗುತ್ತಿತ್ತು. ಇನ್ನೊಂದು ವಿಧವಾದ ‘ಗೊರಬಲು’ ಎಂದು ಹುಡುಕಿದರೆ ಮಾತ್ರ, ಪಟ್ಟಿಯಲ್ಲಿ ಆ ಪದ ಕಣ್ಣೆದುರೇ ಇದ್ದರೂ, ಏನೂ ಬರುತ್ತಿರಲಿಲ್ಲ. ಜಾವಾ ಭಾಷೆಯಲ್ಲಿ == ಎಂಬ ಹೋಲಿಕೆಯ ಚಿಹ್ನೆ ಪಠ್ಯವನ್ನಲ್ಲ, ಎರಡೂ ಒಂದೇ ವಸ್ತುವೇ ಎಂಬುದನ್ನು ನೋಡುತ್ತದೆ; ಆ ಅಭ್ಯಾಸದಿಂದ ಮೊದಲು ಅದನ್ನೇ ಶಂಕಿಸಿದೆ; ಆದರೆ ಕಾಟ್ಲಿನ್‌ನಲ್ಲಿ ಅದು ಪಠ್ಯವನ್ನೇ ಹೋಲಿಸುತ್ತದೆ, ವಸ್ತುವಿನ ಗುರುತಿಗೆ === ಬೇರೆಯೇ ಇದೆ. ಹುಡುಕಿದ ಪದ ಮತ್ತು ಪಟ್ಟಿಯ ಪದ, ಎರಡರ ಉದ್ದವನ್ನೂ ಮುದ್ರಿಸಿ ನೋಡಿದಾಗ ಒಂದು 6, ಇನ್ನೊಂದು 7 ಎಂದು ಬಂದಿತು. ‘ಗೊ’ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ (ಅಕ್ಷರಗಳಿಗೆ ಸಂಕೇತ ಸಂಖ್ಯೆ ನೀಡುವ ಮಾನದಂಡ) ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವಗಳ ಜೋಡಿಯಾಗಿಯೂ ಬರೆಯಬಹುದು. ತೆರೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಜಾವಾದ ನಾರ್ಮಲೈಸರ್ ಎಂಬ ಸಾಧನದಿಂದ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂತಹ ಜೋಡಿಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪಕ್ಕೆ, ತಂದ ಮೇಲೆ ಹೋಲಿಕೆ ಸರಿಯಾಯಿತು. ಸ್ವಿಫ್ಟ್ ಎಂಬ ಇನ್ನೊಂದು ಭಾಷೆಯ == ಇವೆರಡನ್ನೂ ತಾನಾಗಿಯೇ ಸಮವೆಂದು ಪರಿಗಣಿಸುತ್ತದೆ; ಕನ್ನಡಕ್ಕೆ ಅದೇ ಸೂಕ್ತವೆಂದು ನನ್ನ ಅಭಿಪ್ರಾಯ. ಸೊರಬ, ಹೊಸನಗರದಂತಹ ಊರಿನ ಹೆಸರುಗಳನ್ನೂ ಈಗ ಉಳಿಸುವಾಗಲೇ ಹೀಗೆ ಪರಿವರ್ತಿಸುತ್ತಿದ್ದೇನೆ.